ಸಲಹೆಯ ಸಾಲ

ನಮ್ಮ ಕಡೆ ಕೋಚಿಂಗ್ ಎಂದರೆ ಪಿಯುಸಿ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ ದಾವಣಗೆರೆಯ ಯಾವುದಾದರೂ ಮಹಡಿಯ ಮೇಲಿನ ಕೋಣೆಗೆ ಅಟ್ಟುವುದು ಎಂದೇ ಅರ್ಥ. ಹಾಗಾಗಿ ಈಚೆಗೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹೆಂಗಸು "ರೈತರಿಗೆ ಬೇಕಾಗಿರೋದು ಸಾಲಮನ್ನಾ ಅಲ್ಲ ಮೇಡಂ, ಕೋಚಿಂಗ್" ಎಂದಾಗ ನನಗೆ ನಗು ಬಂತು. ಅವರು ನಗಲಿಲ್ಲ. "ಒಕ್ಕಲುತನಾನ ಬಿಸಿನೆಸ್ ಥರ ನಡೆಸೋದು ಹೇಗೆ ಅಂತ ಯಾರಾದರೂ ಕೂತು ಹೇಳಿಕೊಡಬೇಕು. ಬೆಳೆಯೋಕೆ ಬರುತ್ತೆ ಅವರಿಗೆ, ಲೆಕ್ಕ ಬರಲ್ಲ" ಎಂದರು. ಅಷ್ಟರಲ್ಲಿ ಎಲೆಗೆ ಹೋಳಿಗೆ ಬಂತು, ತುಪ್ಪ ಬಂತು, ಮಾತು ಬೇರೆ ಕಡೆ ಹೊರಳಿತು. ನಾನು ಮಾತ್ರ ಹೋಳಿಗೆ ಮುರಿಯುತ್ತಾ ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಮಧ್ಯಾಹ್ನಕ್ಕೆ ಹೋಗಿಬಿಟ್ಟಿದ್ದೆ. ರೈತರಿಗೆ ಸಲಹೆ ಕೊಡುವ ಕೆಲಸವನ್ನು ನಾನೂ ಒಮ್ಮೆ ಮಾಡಿದ್ದೇನೆ. ಸಂಬಳವಿಲ್ಲದೆ, ಯಾರೂ ನೇಮಿಸದೆ, ಎರಡೇ ನಿಮಿಷದಲ್ಲಿ.

ನನ್ನ ತವರು ಚನ್ನಗಿರಿ ತಾಲ್ಲೂಕು. ಅಡಿಕೆ ತೋಟದ ನೆರಳಿನಲ್ಲೇ ಬೆಳೆದವಳು. ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಹರವಿ ಕಾಗೆ ಕೋಳಿ ಕಾಯುವುದು, ಖೇಣಿದಾರರು ಬಂದು ಮರದ ಮೇಲಿನ ಫಸಲನ್ನು ಕಣ್ಣಲ್ಲೇ ಅಳೆದು ಬೆಲೆ ಕಟ್ಟುವುದು, ಅಪ್ಪ ತುಮ್ಕೋಸಿಗೆ ಚೀಲ ಹಾಕಿ ಬಂದ ದಿನ ಮನೆಗೆ ಬರುವ ಖಾರಾ ಮಂಡಕ್ಕಿಯ ಪೊಟ್ಟಣ, ಇವೆಲ್ಲ ನನ್ನ ಬಾಲ್ಯ. ಬಿ.ಎ., ಬಿ.ಎಡ್. ಮುಗಿಸಿ 1996ರಲ್ಲಿ ನೌಕರಿಗೆ ಸೇರಿದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಆಗ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ನಮ್ಮ ತಾಲ್ಲೂಕಿನ ಕಾರಿಗನೂರಿನವರೇ. ಕುರ್ಚಿಯಿಂದ ಏಳದೆಯೇ ನನಗೂ ನನ್ನ ತವರಿಗೂ ಒಂದೇ ಜಿಲ್ಲೆಯಾಗಿತ್ತು. ಆದರೆ ಜಿಲ್ಲೆ ಒಂದಾದರೆ ಮಳೆ ಒಂದಾಗುತ್ತದೆಯೇ? ಚನ್ನಗಿರಿಯಲ್ಲಿ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ. ಜಗಳೂರಿನಲ್ಲಿ ಆಗ ಇದ್ದದ್ದು ಆಕಾಶ ಮತ್ತು ಬೋರು.

ಅಲ್ಲಿ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಚುರುಕು. ನಕ್ಷೆ ಬಿಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. 1998ರ ಬೇಸಿಗೆ ಮುಗಿದು ಶಾಲೆ ಶುರುವಾದ ಹೊಸತರಲ್ಲಿ ಅವಳ ತಾಯಿ ಊಟದ ಹೊತ್ತಿಗೆ ಶಾಲೆಗೆ ಬಂದರು. ಸೆರಗಿನಲ್ಲಿ ಒಂದಷ್ಟು ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದರು, ನನಗೆಂದು. ಮಗಳ ಓದಿನ ಬಗ್ಗೆ ಎರಡು ಮಾತಾದ ಮೇಲೆ ಕೇಳಿದರು: "ಮೇಡಮ್ಮಾರೇ, ನೀವು ಅಡಿಕೆ ಸೀಮೆಯೋರಂತಲ್ರೀ. ನಮ್ಮ ಮನೆಯೋರು ಅಡಿಕೆ ಹಾಕಾನ ಅಂತಾರೆ. ಬೋರಾಗೆ ಎಲ್ಡಿಂಚು ನೀರೈತೆ. ಹಾಕಬೌದೇನ್ರೀ?"

ಅಡಿಕೆಗೆ ಆಗ ಒಳ್ಳೆಯ ಬೆಲೆಯಿತ್ತು. ನಮ್ಮ ಅಣ್ಣ ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುತ್ತಿದ್ದ. ನನಗೆ ಇಪ್ಪತ್ತೆಂಟು ವರ್ಷ. ಶಾಲೆಯ ಹೊರಗೂ ನನ್ನನ್ನು ಯಾರೋ ತಿಳಿದವಳೆಂದು ಕೇಳುತ್ತಿದ್ದಾರೆ ಎಂಬ ಸಂತೋಷವೂ ಇತ್ತು, ಅದನ್ನು ಮುಚ್ಚಿಡುವುದೇಕೆ? "ಹಾಕಿ, ಯಾಕೆ ಹಾಕಬಾರದು? ಎಷ್ಟು ದಿನ ಶೇಂಗಾ, ಜೋಳ ಅಂತ ಕೂತಿರ್ತೀರಿ? ಐದಾರು ವರ್ಷ ಕಷ್ಟಪಟ್ಟರೆ ಆಮೇಲೆ ಮಗಳ ಮದುವೆಗೂ ಯೋಚನೆ ಇರಲ್ಲ" ಎಂದೆ. ನಮ್ಮೂರಿನಿಂದ ಒಳ್ಳೆಯ ಸಸಿ ಕೊಡಿಸುತ್ತೇನೆಂದೂ ಸೇರಿಸಿದೆ. ಕೊಡಿಸಿದೆ ಕೂಡ. ಒಂದು ಎಕರೆಗೆ 500 ಚಿಲ್ಲರೆ ಸಸಿ, ಅಣ್ಣನೇ ಲಗೇಜು ಆಟೋದಲ್ಲಿ ಕಳಿಸಿದ.

ಅದೇ ವಾರ ನಾನು ತರಗತಿಯಲ್ಲಿ ಕರ್ನಾಟಕದ ಬೆಳೆಗಳ ಪಾಠ ಮಾಡಿದ್ದೆ. ಅಡಿಕೆಗೆ ಹೆಚ್ಚು ಮಳೆ ಅಥವಾ ವರ್ಷವಿಡೀ ನೀರಾವರಿ ಬೇಕು ಎಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಆ ಹುಡುಗಿ ಅದನ್ನು ದುಂಡಗೆ ನೋಟ್ಸಿಗೆ ಇಳಿಸಿಕೊಂಡಿದ್ದಳು. ಪಾಠದ ಮಳೆ ಬೇರೆ, ಎದುರಿಗೆ ನಿಂತ ತಾಯಿಯ ಹೊಲದ ಮಳೆ ಬೇರೆ ಎಂದು ನಾನು ತಿಳಿದಿದ್ದೆನೋ ಏನೋ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೋರಿನ ಎರಡಿಂಚು ಒಂದಿಂಚಾಯಿತು. ಮತ್ತೊಂದು ಬೋರು ಹಾಕಿಸಿದರು, ಮಣ್ಣು ಬಂತು. ಮಗದೊಂದು, ಅದರಲ್ಲಿ ಆರು ತಿಂಗಳು ನೀರು ಬಂತು. 2001ರಿಂದ ಸಾಲಾಗಿ ಮೂರು ವರ್ಷ ರಾಜ್ಯದಲ್ಲಿ ಬರ. ಒಂದು ಬೇಸಿಗೆ ಟ್ಯಾಂಕರಿನಲ್ಲಿ ನೀರು ಹಾಕಿಸಿದರು. ಅಷ್ಟರಲ್ಲಿ ಅಡಿಕೆಯ ಬೆಲೆಯೂ ಬಿದ್ದಿತ್ತು. ನಮ್ಮ ಅಣ್ಣನ ಮನೆಯ ಮೇಲಂತಸ್ತು ಕಂಬದಲ್ಲೇ ನಿಂತಿತ್ತು. ಅವನಿಗೆ ನಿಂತದ್ದು ಮೇಲಂತಸ್ತು. ಅವರ ಗಿಡಗಳು ಹೊಂಬಾಳೆ ಬಿಡುವ ಮೊದಲೇ ಸುಳಿ ಒಣಗಿ ನಿಂತವು. ಎರಡೂವರೆ ಎಕರೆಯಲ್ಲಿ ಒಂದು ಎಕರೆ ಮಾರಿದರು. ಹುಡುಗಿ ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಳು, ಟಿಸಿಎಚ್ ಮಾಡಿ ಟೀಚರಾಗಬೇಕೆಂದಿದ್ದಳು. ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದಳು. ಆ ತಿಂಗಳೂ ಒಂದನೇ ತಾರೀಖಿಗೆ ನನ್ನ ಸಂಬಳ ಬಂತು.

ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. 2012ರಲ್ಲಿ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಆ ತಾಯಿ ಸಿಕ್ಕರು. ನಾನು ಗುರುತು ಹಿಡಿಯದವಳಂತೆ ಮುಖ ತಿರುಗಿಸಬೇಕೆಂದಿದ್ದೆ, ಅವರೇ ಓಡಿಬಂದು ಕೈ ಹಿಡಿದರು. ಕಾಫಿ ಕುಡಿಸಿದೆ. ಕೊನೆಗೆ ಧೈರ್ಯ ಮಾಡಿ "ಅವತ್ತು ನಾನು ಹಾಗೆ ಹೇಳಬಾರದಿತ್ತಮ್ಮ" ಎಂದೆ. "ನೀವೇನ್ ಮಾಡ್ತೀರಿ ಬಿಡ್ರೀ, ನಮ್ಮ ಹಣೇಬರ" ಎಂದರು. ಆಮೇಲೆ ಲೋಟ ತಿರುಗಿಸುತ್ತಾ, ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು: "ನಮ್ಮತ್ತೆ ಹೇಳಿತ್ರೀ, ಆ ಹೊಲದಾಗೆ ನೀರು ನಿಲ್ಲಂಗಿಲ್ಲ ಅಂತ. ಪಕ್ಕದ ಹೊಲದೋರ್ದು ಎಲ್ಡು ಬೋರು ಫೇಲಾಗಿದ್ವು. ನಂಗೂ ಮನಸ್ನಾಗಿತ್ತು. ಆದ್ರೆ ನೀವು ಓದಿದೋರು ಹಾಕ್ರಿ ಅಂದ ಮ್ಯಾಲೆ ನಾನೇನಂತ ಹೇಳ್ಲಿ?"

ಅಂದಿನಿಂದ ನನ್ನನ್ನು ಕೊರೆಯುತ್ತಿರುವುದು ಈ ಕೊನೆಯ ಮಾತೇ. ತಪ್ಪು ಸಲಹೆ ಕೊಟ್ಟೆನೆಂಬುದಕ್ಕಿಂತ ಅದು ದೊಡ್ಡದು. ಉತ್ತರ ಆ ತಾಯಿಯ ಬಳಿಯೇ ಇತ್ತು. ಅವರು ಪ್ರಶ್ನೆಯ ರೂಪದಲ್ಲಿ ತಮ್ಮ ಅನುಮಾನವನ್ನು ತಂದಿದ್ದರು, ಯಾರಾದರೂ ಅದನ್ನು ಬಿಚ್ಚಿ ನೋಡಲಿ ಎಂದು. "ಪಕ್ಕದ ಹೊಲದ ಬೋರು ಹೇಗಿದೆ?" ಎಂಬ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ಹೊರಬರುತ್ತಿತ್ತು. ನಾನು ಉತ್ತರ ಕೊಟ್ಟು ಅವರ ಬಾಯಿ ಮುಚ್ಚಿಸಿದೆ.

ಹಾಗಾದರೆ, ನಷ್ಟದಲ್ಲಿ ಪಾಲಿಲ್ಲದವರು ಇನ್ನೊಬ್ಬರ ಬದುಕಿನ ಬಗ್ಗೆ ಸಲಹೆ ಕೊಡಬಹುದೇ? ಕೊಟ್ಟರೆ ಅದು ಯಾರ ಮೇಲಿನ ಸಾಲ? ಮಾರ್ಕು ಹಾಕಿ ಮುಗಿಸುವ ಪ್ರಶ್ನೆಯಲ್ಲ ಇದು. ನನ್ನ ಅಣ್ಣನನ್ನು ಕೇಳಿದರೆ ಅವನದು ಒಂದೇ ಮಾತು: ಕೈಗೆ ಕೆಸರು ಹತ್ತದವರು ಬಾಯಿ ಮುಚ್ಚಿಕೊಂಡಿರಬೇಕು. ಕೇಳಲು ನ್ಯಾಯವಾಗಿದೆ. ಆದರೆ ಆ ನ್ಯಾಯ ಹಿಡಿದು ನಡೆದರೆ ನಮ್ಮ ತೋಟವೇ ಉಳಿಯುತ್ತಿರಲಿಲ್ಲ. ಮಲೆನಾಡಿನ, ಅರೆಮಲೆನಾಡಿನ ಅಡಿಕೆಗೆ ಕೊಳೆರೋಗ ಬಿದ್ದರೆ ಒಂದು ಮಳೆಗಾಲದಲ್ಲಿ ಗೊನೆಗೊನೆಯೇ ಉದುರಿಹೋಗುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗದ ಜಾಡು ಹಿಡಿದು, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಸುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಯುವುದನ್ನು ಬಳಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಣ್ಣ ಇವತ್ತೂ ಮುಂಗಾರು ಹಿಡಿಯುವ ಮೊದಲು ಹೊಡೆಸುವುದು ಅದನ್ನೇ. ಕೋಲ್ಮನ್ ಸಾಹೇಬರಿಗೆ ಒಂದು ಗುಂಟೆ ಅಡಿಕೆ ತೋಟವೂ ಇರಲಿಲ್ಲವಲ್ಲ ಎಂದರೆ ಅಣ್ಣ ಎದ್ದು ಹಟ್ಟಿಯ ಕಡೆ ಹೋಗುತ್ತಾನೆ.

ಹತ್ತಿರದ ಉದಾಹರಣೆಯೂ ಇದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದವರು ಮೆಕ್ಕೆಜೋಳದ ಸುಳಿಯಲ್ಲಿ ಒಂದು ಹೊಸ ಹುಳು ಕಂಡರು. ಅಮೆರಿಕ ಖಂಡದ ಸೈನಿಕ ಹುಳು. ಭಾರತದಲ್ಲಿ ಅದು ಮೊದಲು ಗುರುತಾದದ್ದು ನಮ್ಮ ಮಗ್ಗುಲಲ್ಲೇ. ಹೊನ್ನಾಳಿ, ಜಗಳೂರು ಕಡೆ ಮುಂಗಾರಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳವೇ. ಅಂಥ ಹೊತ್ತಿನಲ್ಲಿ ತಿಳಿದವರು ರೈತನ ಮುಂದೆ ಕೂತು "ನಿನಗೇನನಿಸುತ್ತದಪ್ಪಾ?" ಎಂದು ಕೇಳುತ್ತಿದ್ದರೆ ಅದು ವಿನಯವಲ್ಲ, ಅನ್ಯಾಯ. ಹುಳು ಯಾವುದು, ಸುಳಿಯಲ್ಲಿ ಎಲ್ಲಿ ಅಡಗುತ್ತದೆ, ಏನು ಹೊಡೆಯಬೇಕು, ಎಷ್ಟು, ಯಾವ ಹೊತ್ತಿನಲ್ಲಿ ಎಂದು ನೇರವಾಗಿ ಹೇಳಬೇಕು. ಹುಳ ಎಲ್ಲರ ಹೊಲದಲ್ಲೂ ಒಂದೇ. ಆದರೆ "ಅಡಿಕೆ ಹಾಕಲೇ?" ಎಂಬುದು ಆ ಜಾತಿಯ ಪ್ರಶ್ನೆಯಲ್ಲ. ಅದರಲ್ಲಿ ಬೋರಿನ ನೀರಿದೆ, ಬಡ್ಡಿ ಇದೆ, ಮಗಳ ವಯಸ್ಸಿದೆ, ಅತ್ತೆಯ ನೆನಪಿದೆ, ಐದು ವರ್ಷ ಗಿಡಕ್ಕೆ ನೀರು ಹೊರುವ ಹೆಂಗಸಿನ ಸೊಂಟವಿದೆ. ಇದನ್ನು ಹೊರಗಿನವರು ಹೇಳಲಾರರು, ಕೇಳಬಲ್ಲರು ಅಷ್ಟೇ. ನಾನು ಮಾಡಿದ ತಪ್ಪು, ಎರಡನೆಯ ಜಾತಿಯ ಪ್ರಶ್ನೆಗೆ ಮೊದಲನೆಯ ಜಾತಿಯ ಉತ್ತರ ಕೊಟ್ಟದ್ದು.

ಈ ತಪ್ಪು ನನ್ನೊಬ್ಬಳದಲ್ಲ ಎಂದು ಆಮೇಲೆ ತಿಳಿಯಿತು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಸೈಕಲ್ ಮೇಲೆ ಗ್ರಾಮಸೇವಕರು ಬರುತ್ತಿದ್ದರು. 1970ರ ದಶಕದ ಕೊನೆಗೆ ವಿಶ್ವಬ್ಯಾಂಕಿನ ನೆರವಿನಿಂದ 'ತರಬೇತಿ ಮತ್ತು ಭೇಟಿ' ಎಂಬ ಪದ್ಧತಿ ನಮ್ಮ ದೇಶದ ಹಲವು ರಾಜ್ಯಗಳಲ್ಲಿ ಬಂದಿತ್ತು. ಮೇಲಿನವರು ಕೆಳಗಿನವರಿಗೆ ಕಲಿಸುವುದು, ಅವರು ಹದಿನೈದು ದಿನಕ್ಕೊಮ್ಮೆ ಹಳ್ಳಿಯ ಕೆಲವು ಆಯ್ದ ರೈತರಿಗೆ ಹೇಳುವುದು, ಆ ರೈತರು ಉಳಿದವರಿಗೆ ದಾಟಿಸುವುದು. ಆ ಗ್ರಾಮಸೇವಕರು ಒಳ್ಳೆಯವರು. ಅಪ್ಪ ಚಾವಡಿಯಲ್ಲಿ ಕೂತು ತಲೆಯಾಡಿಸುತ್ತಿದ್ದರು. ಅವ್ವ ಒಳಗಿನಿಂದ ಕಾಫಿ ಕಳಿಸುತ್ತಿದ್ದಳು. ಕೊಟ್ಟಿಗೆ ಗೊಬ್ಬರ ಎಷ್ಟಿದೆ, ಬೀಜದ ಕಾಳು ಎಲ್ಲಿಟ್ಟಿದೆ, ಕೂಲಿಗೆ ಯಾರು ಬರುತ್ತಾರೆ, ಯಾರಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಗೊತ್ತಿದ್ದದ್ದು ಅವ್ವನಿಗೆ. ಅವಳನ್ನು ಅವರು ಕೇಳಿದ್ದು ಒಂದೇ, "ಅಮ್ಮಾ, ಸ್ವಲ್ಪ ನೀರು ಕೊಡ್ತೀರಾ?" ಈಗ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, 2004ರಿಂದ ಫೋನಿನಲ್ಲೇ ಕೇಳಬಹುದಾದ ಕಿಸಾನ್ ಕಾಲ್ ಸೆಂಟರ್ ಇದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಹುಳಕ್ಕೆ, ರೋಗಕ್ಕೆ, ತಳಿಗೆ ಇವು ಬೇಕೇ ಬೇಕು. ಹಾಕಲೇ ಬೇಡವೇ ಎಂಬ ಪ್ರಶ್ನೆ ಹೊತ್ತ ಹೆಂಗಸು ಮಾತ್ರ ಈಗಲೂ ಯಾವುದೋ ಶಾಲೆಯ ಜಗುಲಿಯಲ್ಲಿ ಯಾವಳೋ ಟೀಚರನ್ನು ಹುಡುಕಿಕೊಂಡು ಬರುತ್ತಾಳೆ.

ಕೋಚಿಂಗ್ ಎಂಬ ಮಾತಿನ ಒಳಗೆ ಏನಾದರೂ ಇದ್ದರೆ ಅದನ್ನು ನನಗೆ ತೋರಿಸಿದ್ದು ಹೊನ್ನಾಳಿ ತಾಲ್ಲೂಕಿನ ಶಾಲೆಯಲ್ಲಿ ನನ್ನ ಜೊತೆ ಇದ್ದ ಪಿ.ಟಿ. ಮೇಷ್ಟ್ರು. ಅವರು ಹುಡುಗಿಯರ ಖೋಖೋ ತಂಡ ಕಟ್ಟಿದ್ದರು. ಆಟ ನಡೆಯುವಾಗ ಗೆರೆಯ ಒಳಗೆ ಕಾಲಿಡುತ್ತಿರಲಿಲ್ಲ, "ಹಾಗೆ ಓಡು, ಹೀಗೆ ತಿರುಗು" ಎಂದು ಕೂಗುತ್ತಿರಲಿಲ್ಲ. ಆಟ ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿಕೊಂಡು "ನೀನು ಕಂಬದ ಹತ್ತಿರ ಯಾಕೆ ನಿಂತೆ?" ಎಂದು ಕೇಳುತ್ತಿದ್ದರು. ಹುಡುಗಿ ಯೋಚಿಸಿ ಹೇಳುವವರೆಗೆ ಕಾಯುತ್ತಿದ್ದರು. ಮತ್ತೆ ಅವಳ ಮಂಡಿ ಗಾಯಕ್ಕೆ ತಾವೇ ಔಷಧಿ ಹಚ್ಚುತ್ತಿದ್ದರು. ಈ ಕೊನೆಯದು ಮುಖ್ಯವೆಂದು ನನಗೆ ಅನಿಸುತ್ತದೆ. ನಾನು ಅಡಿಕೆ ಸಸಿ ಕೊಡಿಸಿದ ಮೇಲೆ ಆ ಹೊಲಕ್ಕೆ ಎಷ್ಟು ಸಲ ಹೋಗಿದ್ದೆ? ಎರಡು ಸಲ. ಎರಡನೆಯ ಸಲ ಗಿಡ ಚೆನ್ನಾಗಿತ್ತು. ಮೂರನೆಯ ಸಲ ಹೋಗುವಷ್ಟರಲ್ಲಿ ನನಗೆ ವರ್ಗವಾಗಿತ್ತು, ಹೋಗದಿರುವುದಕ್ಕೆ ಅದೊಂದು ನೆಪವಾಯಿತು.

ಅದೇ ಹೊನ್ನಾಳಿಯ ಶಾಲೆಯಲ್ಲಿ 2022ರ ಡಿಸೆಂಬರಿನ ಒಂದು ಭಾನುವಾರ ಬೋರ್ಡ್ ಪರೀಕ್ಷೆಯ ವಿಶೇಷ ತರಗತಿಗೆಂದು ಹೋಗಿದ್ದೆ. ಜಗುಲಿಯಲ್ಲಿ ಊರಿನ ಮಹಿಳಾ ಸಂಘದ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ನಡುವೆ ಒಬ್ಬಳು ಕೃಷಿ ಸಖಿ. ಅದೇ ಊರಿನ ಸೊಸೆ, ಪಿಯುಸಿ ಓದಿದವಳು. ಕೈಯಲ್ಲಿ ಭಾಷಣದ ಹಾಳೆಯಿಲ್ಲ, ಒಂದು ಉದ್ದನೆಯ ಲೆಕ್ಕದ ಪುಸ್ತಕ. ಮಕ್ಕಳಿಗೆ ಬರೆಯಲು ಕೊಟ್ಟು ನಾನು ಬಾಗಿಲಲ್ಲಿ ನಿಂತೆ.

ಅವಳು ಒಬ್ಬಾಕೆಯ ಒಂದು ಎಕರೆ ಮೆಕ್ಕೆಜೋಳ ಹಿಡಿದಳು. "ಎಷ್ಟು ಬಂತಕ್ಕಾ?" "ಹದಿನೆಂಟು ಕ್ವಿಂಟಾಲ್, ಎಲ್ಡು ಸಾವಿರದಂಗೆ ಹೋತು." 36,000 ರೂಪಾಯಿ. ಹೆಂಗಸರು ತಲೆದೂಗಿದರು. ಆಮೇಲೆ ಖರ್ಚು. ಉಳುಮೆ 4,000. ಬೀಜ 1,500. ಗೊಬ್ಬರ 5,500. ಕಳೆ, ಎಡೆಕುಂಟೆ ಕೂಲಿ 5,000. ಹುಳಕ್ಕೆ ಔಷಧಿ 1,500. ತೆನೆ ಮುರಿದು ಮಿಷನ್‌ಗೆ ಹಾಕಿಸಿದ್ದು 3,000. ಚೀಲ, ಗಾಡಿ ಬಾಡಿಗೆ, ಹಮಾಲಿ 2,000. ಒಟ್ಟು 22,500. "ಇಷ್ಟೇನಾ?" ಎಂದಳು. ಯಾರೂ ಮಾತಾಡಲಿಲ್ಲ. "ದುಡ್ಡು ಎಲ್ಲಿಂದ ತಂದ್ರಿ?" ಅಂಗಡಿಯ ಉದ್ರಿ ಮತ್ತು ಕೈಸಾಲ ಸೇರಿ 20,000, ನೂರಕ್ಕೆ ತಿಂಗಳಿಗೆ 2 ರೂಪಾಯಿ, ಆರು ತಿಂಗಳು. 2,400 ಆಯಿತು. ಉಳಿದದ್ದು 11,100. "ನೀವೂ ಅಣ್ಣನೂ ಎಷ್ಟು ದಿನ ದುಡಿದ್ರಿ?" ಆಕೆ ನಕ್ಕಳು, ಅದನ್ನೂ ಯಾರಾದರೂ ಲೆಕ್ಕ ಇಡುತ್ತಾರೆಯೇ ಎಂಬಂತೆ. ಬೆರಳು ಮಡಚಿ ಇಬ್ಬರದೂ ಸೇರಿ ನಲವತ್ತು ದಿನ ಎಂದಳು. ದಿನಕ್ಕೆ 300ರಂತೆ ಹಿಡಿದರೆ 12,000. ಹಾಗಾದರೆ 900 ರೂಪಾಯಿ ಕೈಯಿಂದ ಹೋದಂತೆ.

ಜಗುಲಿ ಗಪ್ಪಾಯಿತು. ಬೇಸಾಯವೆಂದರೆ ನೀ ಸಾಯ, ನಾ ಸಾಯ, ಮನೆಮಂದಿಯೆಲ್ಲ ಸಾಯ ಎಂಬ ಗಾದೆಯನ್ನು ನಾವೆಲ್ಲ ನಗುತ್ತಾ ಹೇಳುತ್ತೇವೆ. ಅದನ್ನೇ ಅಂಕಿಯಲ್ಲಿ ಬರೆದರೆ ಯಾರಿಗೂ ನಗು ಬರುವುದಿಲ್ಲ. ಆ ಗಳಿಗೆ ನನಗೆ ಆ ಹುಡುಗಿಯ ಮೇಲೆ ಸಿಟ್ಟೂ ಬಂತು. ಇಷ್ಟು ದಿನ ಹೇಗೋ ನಡೆದುಕೊಂಡು ಹೋಗುತ್ತಿದ್ದವರಿಗೆ ನಿಮ್ಮ ದುಡಿಮೆಗೆ ಕೂಲಿ ಹುಟ್ಟಿಲ್ಲ ಎಂದು ತೋರಿಸಿ ಏನು ಸಾಧಿಸಿದಂತಾಯಿತು?

ಮೌನ ಮುರಿದದ್ದು ಜೋಳದ ಒಡತಿಯೇ. "ಏ, ಸೊಪ್ಪೆ ಬಿಟ್ಟಿಯಲ್ಲೇ ತಂಗೀ! ನನ್ನ ಎಲ್ಡು ಎಮ್ಮೆ ಬೇಸಿಗಿಗಂಟ ಅದನ್ನೇ ತಿಂತಾವು. ಕೊಂಡು ತಂದ್ರೆ ಮೂರು ಸಾವ್ರ ಆಗಲ್ವಾ?" ಕೃಷಿ ಸಖಿ ನಾಲಿಗೆ ಕಚ್ಚಿಕೊಂಡು "ಹೌದಲ್ಲಕ್ಕಾ, ನಂಗೆ ಹೊಳೀಲೇ ಇಲ್ಲ" ಎಂದು ಬರೆದುಕೊಂಡಳು. 900 ಕಳೆದು 2,100 ಬಂತು. ಎಲ್ಲರೂ ನಕ್ಕರು. ಆಮೇಲೆ ಅವರವರೇ ಮಾತಿಗೆ ಶುರುಮಾಡಿದರು. ಬೆಲೆ ನಮ್ಮ ಕೈಯಲ್ಲಿಲ್ಲ, ಮಳೆಯೂ ಇಲ್ಲ, ಇರುವುದು ಯಾವುದು? ಬಡ್ಡಿ. ಗೊಬ್ಬರಕ್ಕೆ ಸಂಘದಿಂದ ಕಡಿಮೆ ಬಡ್ಡಿಗೆ ತೆಗೆದರೆ? ಉದ್ರಿ ಕೊಟ್ಟ ಅಂಗಡಿಗೇ ಕಾಳು ಹಾಕುವ ಕಟ್ಟುಪಾಡು ತಪ್ಪಿದರೆ? ಹಸಿಕಾಳು ಒಯ್ದು ತೇವಾಂಶವೆಂದು ಬೆಲೆ ಮುರಿಸಿಕೊಳ್ಳುವ ಬದಲು ಶೇಕಡಾ 14ಕ್ಕೆ ಇಳಿಯುವವರೆಗೆ ಒಣಗಿಸಿದರೆ? "ಒಣಗಿಸಾಕೆ ಜಾಗ ಎಲ್ಲೈತೆ, ರೋಡಿಗೆ ಹಾಕಿದ್ರೆ ಬೈಕ್ನೋರು ಬೈತಾರೆ" ಎಂದಳು ಒಬ್ಬಳು. ಶಾಲೆಯ ಅಂಗಳದ ಕಡೆ ಎಲ್ಲರ ಕಣ್ಣು ಹೊರಳಿದ್ದನ್ನು ನೋಡಿ ನಾನು ಮೆಲ್ಲಗೆ ಒಳಗೆ ಸರಿದೆ. (ಮುಂದಿನ ವಾರ ಮುಖ್ಯೋಪಾಧ್ಯಾಯರು ಒಪ್ಪಿದರು, ರಜೆಯ ದಿನಗಳಲ್ಲಿ ಮಾತ್ರ ಎಂದು.)

ಮೂವತ್ತು ವರ್ಷ ಪಾಠ ಮಾಡಿದರೂ ನಾನು ಇಷ್ಟು ಚೆನ್ನಾಗಿ ಕಲಿಸಿದ್ದು ಕಡಿಮೆ. ತಪ್ಪು ಲೆಕ್ಕ ಮಾಡಿ, ಅದನ್ನು ಎದುರಿನವರು ತಿದ್ದುವಂತೆ ಕೂತಿದ್ದಳಲ್ಲ ಅವಳು! ನಾವಾದರೆ ಗೈಡು ಹಿಡಿದು ಉತ್ತರ ಬರೆಸಿಬಿಡುತ್ತೇವೆ. ಇದು ಅವಳು ಕಂಡುಹಿಡಿದದ್ದೇನೂ ಅಲ್ಲವೆಂದು ಆಮೇಲೆ ಓದಿ ತಿಳಿದೆ. 1989ರಲ್ಲಿ ಇಂಡೊನೇಷಿಯಾದ ಭತ್ತದ ಗದ್ದೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರ ನೆರವಿನಿಂದ ರೈತರ ಹೊಲಪಾಠಶಾಲೆಗಳು ಶುರುವಾದವು. ಕಂದು ಜಿಗಿಹುಳು ಔಷಧಿ ಹೊಡೆದಷ್ಟೂ ಹೆಚ್ಚುತ್ತಿದ್ದ ಕಾಲ ಅದು. ಹುಳವನ್ನು ತಿನ್ನುವ ಜೇಡ, ಕೀಟಗಳೂ ಔಷಧಿಗೆ ಸಾಯುತ್ತಿದ್ದವು. ಇಪ್ಪತ್ತೈದು ಜನದಷ್ಟು ರೈತರು ನಾಟಿಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಗದ್ದೆಗೇ ಇಳಿದು, ಗಿಡ ನೋಡಿ, ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು, ಹೊಡೆಯಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. "ಈ ಹುಳ ಯಾವುದು?" ಎಂದು ಕೇಳಿದರೆ ಜೊತೆಗಿದ್ದ ಮಾರ್ಗದರ್ಶಿ "ಎಲ್ಲಿ ಸಿಕ್ಕಿತು? ಏನು ಮಾಡುತ್ತಿತ್ತು?" ಎಂದು ತಿರುಗಿ ಕೇಳುತ್ತಿದ್ದ. ಮುಂದೆ ಇದೇ ಬೇರಿನಿಂದ ಬೆಳೆ ಬದಲು ಲೆಕ್ಕ, ಮಾರುಕಟ್ಟೆ ಕಲಿಸುವ ಶಾಲೆಗಳೂ ಹುಟ್ಟಿದವು. ನಮ್ಮಲ್ಲೇ 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅಣ್ಣ ಪೇಟೆಯವರ ಭಾಷಣ ಕೇಳುವುದಿಲ್ಲ, ಆ ಪತ್ರಿಕೆಯನ್ನು ಮಾತ್ರ ಕನ್ನಡಕ ಹುಡುಕಿ ಓದುತ್ತಾನೆ. ಬರೆದವನೂ ತೋಟದವನು, ಕಳಕೊಂಡದ್ದನ್ನೂ ಬರೆಯುತ್ತಾನೆ ಎಂಬುದಕ್ಕೆ.

ಪೇಟೆಯಲ್ಲಿರುವ ನಾವು ಇದನ್ನು ಯಾಕೆ ಯೋಚಿಸಬೇಕು ಎಂದು ನಿಮಗನ್ನಿಸಬಹುದು. ನಮ್ಮಲ್ಲಿ ಎಷ್ಟೋ ಜನಕ್ಕೆ ಊರಿನಲ್ಲಿ ಒಂದು ತುಂಡು ಹೊಲವಿದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಆಮೇಲೆ ಇಡೀ ದೇಶಕ್ಕೆ 2005ರದು ಬಂದ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಹತ್ತಿರವಾಗಿದೆ. ಪಾಲು ನಮ್ಮದು, ಉಳುವವನು ತಮ್ಮ, ನೀರು ಕಟ್ಟುವವಳು ತಮ್ಮನ ಹೆಂಡತಿ. ಹಬ್ಬಕ್ಕೆ ಹೋದಾಗ ನಾವು ಜಗುಲಿಯಲ್ಲಿ ಕೂತು "ಡ್ರ್ಯಾಗನ್ ಹಣ್ಣು ಹಾಕ್ರೋ, ಶ್ರೀಗಂಧ ಹಾಕ್ರೋ, ಟಿವಿಯಲ್ಲಿ ನೋಡಿದೆ" ಎನ್ನುತ್ತೇವೆ. ನಾನೂ ಅಂದಿದ್ದೇನೆ. ತಮ್ಮನ ಹೆಂಡತಿ ಒಳಗೆ ರೊಟ್ಟಿ ತಟ್ಟುತ್ತಿರುತ್ತಾಳೆ. ಅವಳನ್ನು ಒಂದು ಮಾತು ಕೇಳುವುದಿಲ್ಲ.

ಒಮ್ಮೆ ಸುಟ್ಟುಕೊಂಡ ಮೇಲೆ ನಾನು ಇನ್ನೊಂದು ತುದಿಗೆ ಹೋಗಿದ್ದೂ ಉಂಟು. ಯಾರು ಏನು ಕೇಳಿದರೂ "ನಿಮ್ಮಿಷ್ಟಪ್ಪ, ನನಗೇನು ಗೊತ್ತು?" ಎನ್ನುತ್ತಿದ್ದೆ. ಕೆಲವು ವರ್ಷ ಅದನ್ನೇ ವಿನಯವೆಂದು ತಿಳಿದಿದ್ದೆ. ಅದು ಹೆದರಿಕೆ. ಕೇಳಲು ಬಂದವಳು ಒಬ್ಬಳೇ ಆಗಿ ಹಿಂದಿರುಗುತ್ತಿದ್ದಳು. ನಷ್ಟದಲ್ಲಿ ಪಾಲು ಕೊಡಲಾಗದಿದ್ದರೂ ಸಮಯದಲ್ಲಿ ಪಾಲು ಕೊಡಬಹುದಲ್ಲ ಎಂದು ಹೊಳೆದದ್ದು ಆ ಜಗುಲಿಯ ಲೆಕ್ಕ ನೋಡಿದ ಮೇಲೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಾಗ, ಪ್ರತಿ ಸಂಸ್ಥೆಯನ್ನೂ ಐದು ವರ್ಷ ಕೈಹಿಡಿದು ನಡೆಸಬೇಕೆಂದು ಬರೆದುಕೊಂಡಿತ್ತು. ಕಾಗದದ ಮೇಲಿನದೆಲ್ಲ ನೆಲಕ್ಕೆ ಇಳಿಯುವುದಿಲ್ಲ, ಗೊತ್ತು. ಆದರೆ ಐದು ವರ್ಷ ಎಂಬ ಆ ಎಣಿಕೆ ನನಗೆ ಸರಿ ಅನಿಸಿತು. ಅಡಿಕೆ ಸಸಿ ಹೊಂಬಾಳೆ ಬಿಡುವುದಕ್ಕೂ ಸುಮಾರು ಅಷ್ಟೇ ಬೇಕು.

2023ರಲ್ಲಿ ನನಗೆ ನ್ಯಾಮತಿ ತಾಲ್ಲೂಕಿಗೆ ವರ್ಗವಾಯಿತು. ಹೊನ್ನಾಳಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಊರು. ಆ ವರ್ಷ ಶುಂಠಿಗೆ ಯಾರೂ ಕಂಡರಿಯದ ಬೆಲೆ ಬಂದಿತ್ತು, ನಮ್ಮ ಸುತ್ತ ಎಲ್ಲರ ಬಾಯಲ್ಲೂ ಶುಂಠಿಯೇ. ಮುಂದಿನ ವರ್ಷದ ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ಪಾತ್ರೆ ತೊಳೆದಿಟ್ಟು ಬಂದು ಬಾಗಿಲಲ್ಲಿ ನಿಂತಳು. "ಟೀಚರಮ್ಮ, ಒಂದೂವರೆ ಎಕರೆಗೆ ಶುಂಠಿ ಹಾಕಾಣ ಅಂತ ನಮ್ಮ ಹುಡುಗ ಕುಣೀತಾನೆ. ನೀವೇನಂತೀರಿ?"

ಬೇಡ ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು. ಜಗಳೂರಿನ ಒಣಗಿದ ಸುಳಿಗಳು ಕಣ್ಣೆದುರು ಬಂದವು. ನುಂಗಿಕೊಂಡು ಕುರ್ಚಿ ಎಳೆದು ಕೂರಿಸಿದೆ. ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆ ತೆಗೆದೆ. ಬೀಜದ ಶುಂಠಿಗೆ ಈಗ ಏನು ಬೆಲೆ? ಏಪ್ರಿಲ್, ಮೇನಲ್ಲಿ ನೀರು ಬರುತ್ತಾ? ಹೋದ ಸಲ ಹಾಕಿದವರ ಹೊಲದಲ್ಲಿ ಕೊಳೆ ಬಂದಿತ್ತಾ? ದುಡ್ಡು ಎಲ್ಲಿಂದ? ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ನಡುವೆ ಅವಳೇ ನಿಲ್ಲಿಸಿ ಕೇಳಿದಳು: "ಬೆಲೆ ಅರ್ಧಕ್ಕರ್ಧ ಬಿದ್ರೆ ಎಷ್ಟಾಗುತ್ತೆ, ಅದನ್ನೂ ಬರೀರಿ." ಬರೆದೆ. ಗಂಟೆ ಹೊಡೆದರೂ ಮುಗಿಯಲಿಲ್ಲ. ಶನಿವಾರ ಮಗನನ್ನೂ ಕರೆತಂದಳು. ಆ ಹುಡುಗ ಮೊದಲು ಮುಖ ಊದಿಸಿಕೊಂಡಿದ್ದ, ಆಮೇಲೆ ಪೆನ್ನು ತಾನೇ ಇಸಕೊಂಡ.

ಒಂದೂವರೆ ಎಕರೆಗೆ ಹಾಕಲಿಲ್ಲ, ಬಿಡಲೂ ಇಲ್ಲ. ಅರ್ಧ ಎಕರೆಗೆ ಹಾಕಿದರು, ಉಳಿದದ್ದಕ್ಕೆ ಮೆಕ್ಕೆಜೋಳ. ಶ್ರಾವಣದಲ್ಲಿ ಒಂದು ಸಂಜೆ ನಾನೇ ಹೊಲಕ್ಕೆ ಹೋದೆ. ಮಳೆ ನಿಂತು ಎರಡು ದಿನವಾಗಿತ್ತು. ಏರುಮಡಿಗಳ ಮೇಲೆ ಶುಂಠಿ ಹಸಿರಾಗಿತ್ತು, ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಸಾಲು ಹಳದಿ ತಿರುಗಿತ್ತು. ನನ್ನ ಎದೆ ಧಸಕ್ಕೆಂದಿತು. ಅವಳು ಬಗ್ಗಿ ಒಂದು ಗಿಡ ಕಿತ್ತು ಬೇರು ತೋರಿಸಿದಳು. "ನಿನ್ನೆ ರೈತ ಸಂಪರ್ಕ ಕೇಂದ್ರದೋರಿಗೆ ತೋರ್ಸಿದೀವಿ. ನೀರು ನಿಂತಿತ್ತು, ಬಸಿಗಾಲುವೆ ತೆಗಿತಾ ಅವ್ನೆ ನಮ್ಮ ಹುಡುಗ" ಎಂದಳು. ಆಮೇಲೆ ಕೈ ಕೊಡವಿಕೊಂಡು, "ಕೂತ್ಕಳಿ ಟೀಚರಮ್ಮ, ಪುಸ್ತಕ ತರ್ತೀನಿ. ಔಷಧಿ ಖರ್ಚು ಇನ್ನೂ ಬರ್ದಿಲ್ಲ."